ಮೂವತ್ತೆಂಟು ಸೈಜಿನ ಓದುಗ

ನಮ್ಮ ಮನೆಯ ಗೇಟಿನ ಹತ್ತಿರ ಯಾರಾದರೂ ಅಪರಿಚಿತರು ನಿಂತು, ಜೀನ್ಸ್ ಪ್ಯಾಂಟಿನ ಅಂಗಡಿ ಇದೇನಾ ಎಂದು ಕೇಳಿದರೆ ನನ್ನ ಹೆಂಡತಿ ಸರೋಜ ಅಡುಗೆಮನೆಯಿಂದಲೇ, "ರೀ, ನಿಮ್ಮ ಗಿರಾಕಿ ಬಂದಿದಾರೆ" ಎಂದು ಕೂಗುತ್ತಾಳೆ. ನಾನು ಪ್ಯಾಂಟು ಮಾರುವವನಲ್ಲ. ನನಗೆ ಬೇಕಾದ ಪ್ಯಾಂಟನ್ನೇ ಸರಿಯಾಗಿ ಆರಿಸಿ ತರಲು ಬಾರದವನು. ಆದರೆ ಹೀಗೆ ಜನ ಪ್ಯಾಂಟು ಹುಡುಕಿಕೊಂಡು ಬರುವುದಕ್ಕೆ ಕಾರಣ ನಾನೇ ಎಂದು ಚಂದ್ರಾ ಲೇಔಟಿನ ನಮ್ಮ ಅಡ್ಡರಸ್ತೆಯಲ್ಲಿ ಎಲ್ಲರಿಗೂ ಗೊತ್ತು. ನಿಮಗೂ ನಾನೇ ಹೇಳಿಬಿಡುತ್ತೇನೆ. ಬೇರೆಯವರ ಬಾಯಲ್ಲಿ ಕೇಳಿದರೆ ಉಪ್ಪುಖಾರ ಹಚ್ಚಿ ಹೇಳುತ್ತಾರೆ.

ನಾವು ಇಲ್ಲಿನ ಹಳೆಯ ಊರಿನವರು. ಲೇಔಟ್ ಆಗುವುದಕ್ಕೆ ಮುಂಚೆ ಈ ಜಾಗದಲ್ಲಿ ನಮ್ಮ ತಾತ ರಾಗಿ ಬೆಳೆಯುತ್ತಿದ್ದರು. ನಾನು ಬಾಡಿಗೆದಾರರನ್ನು ಬೆಳೆಯುತ್ತೇನೆ. ಮೇಲೆ ಎರಡು ಮನೆ, ಕೆಳಗೆ ರಸ್ತೆಗೆ ಮುಖಮಾಡಿದ ಒಂದು ಅಂಗಡಿ. ಅಂಗಡಿಯಲ್ಲಿ ಬಹಳ ಕಾಲ ರೆಡಿಮೇಡ್ ಬಟ್ಟೆ ಮಾರುವವರಿದ್ದರು. ಅವರು ಖಾಲಿ ಮಾಡಿಕೊಂಡು ನಂದಿನಿ ಲೇಔಟಿಗೆ ಹೋದ ಮೇಲೆ ಅನಘ ಎಂಬ ಹುಡುಗಿ ಅಂಗಡಿ ಬಾಡಿಗೆಗೆ ಬೇಕೆಂದು ಫೋನ್ ಮಾಡಿದಳು. ನಾನಾಗ ವಿಜಯನಗರದ ಮಾರ್ಕೆಟ್ಟಿನಲ್ಲಿ ಅವರೇಕಾಯಿ ಮೂಸಿ ನೋಡುತ್ತಿದ್ದೆ. ಪಕ್ಕದಲ್ಲಿ ಟೊಮೆಟೊ ಗಾಡಿಯವನ ಧ್ವನಿವರ್ಧಕ ಕೂಗುತ್ತಿತ್ತು. ಅದರ ನಡುವೆ ಅವಳು ಹೇಳಿದ್ದು: "ಅಂಕಲ್, ನಾವು ಝೀನ್ಸ್, ಕಾಮಿಕ್ಸ್ ಇಡ್ತೀವಿ. ಎಲ್ಲಾ ಹುಡುಗ್ರು ಕೈಯಲ್ಲೇ ಮಾಡಿರೋದು. ಚಿಕ್ಕ ಚಿಕ್ಕದು, ಮಡಚಿದ್ರೆ ಜೇಬಲ್ಲಿ ಹಿಡಿಸುತ್ತೆ."

ನನಗೆ ಕೇಳಿಸಿದ್ದು ಜೀನ್ಸ್. ಬಟ್ಟೆ ಅಂಗಡಿ ಹೋದ ಜಾಗಕ್ಕೆ ಬಟ್ಟೆ ಅಂಗಡಿಯೇ ಬಂತು, ಶೆಲ್ಫು ಬದಲಾಯಿಸುವ ತಾಪತ್ರಯವಿಲ್ಲ ಎಂದು ಸಮಾಧಾನವಾಯಿತು. ಮಡಚಿ ಜೇಬಿನಲ್ಲಿಟ್ಟುಕೊಳ್ಳುವ ಪ್ಯಾಂಟು ಎಂಥದೋ ಎಂದು ಒಂದು ಕ್ಷಣ ಅನುಮಾನವಾಯಿತು. ಈಗಿನ ಹುಡುಗರು ಹಾಕುವ ಚಡ್ಡಿ ನೋಡಿದರೆ ಅದೂ ಇರಬಹುದು ಎನ್ನಿಸಿತು. ಕಾಮಿಕ್ಸ್ ಅನ್ನುವುದು ಯಾವುದೋ ಹೊಸ ಕಂಪನಿಯ ಬನಿಯನ್ ಇರಬೇಕು ಎಂದುಕೊಂಡು ಅವರೇಕಾಯಿ ತೂಕ ಮಾಡಿಸಿದೆ.

ಅಷ್ಟಕ್ಕೆ ಸುಮ್ಮನಿದ್ದರೆ ಆಗುತ್ತಿತ್ತು. ನಾನು ಸುಮ್ಮನಿರುವ ಜಾತಿಯವನಲ್ಲ. ಹುಡುಗಿ ಮೊದಲ ಸಲ ಅಂಗಡಿ ಹಾಕುತ್ತಿದ್ದಾಳೆ, ಓನರ್ ಕಡೆಯಿಂದ ಒಂದು ಉಡುಗೊರೆ ಇರಲಿ ಎಂದು ನನ್ನ ಜೊತೆ ಓದಿದ ಪೇಂಟರ್ ಮುನಿರಾಜುವಿಗೆ ಹೇಳಿ ಬೋರ್ಡು ಬರೆಸಿದೆ. ನೀಲಿ ಹಿನ್ನೆಲೆ, ಹಳದಿ ಅಕ್ಷರ: "ಜೀನ್ಸ್ – ಕಾಮಿಕ್ಸ್. ಹೊಸ ಸ್ಟಾಕ್ ಬಂದಿದೆ." ಮುನಿರಾಜು ನನಗಿಂತ ಧಾರಾಳಿ. ಜಾಗ ಉಳಿದಿದೆ ಎಂದು ಪಕ್ಕದಲ್ಲಿ ಒಂದು ಪ್ಯಾಂಟನ್ನೂ ಬರೆದು, ಅದಕ್ಕೆ ಹಿಂದಿನ ಜೇಬು, ಜೇಬಿಗೆ ಹೊಲಿಗೆ ಎಲ್ಲ ಹಾಕಿದ್ದ.

ಪೂಜೆಯ ದಿನ ಅನಘ ಬಂದು ಬೋರ್ಡನ್ನು ಬಹಳ ಹೊತ್ತು ನೋಡಿದಳು. ಆಮೇಲೆ "ತುಂಬಾ ಚೆನ್ನಾಗಿದೆ ಅಂಕಲ್" ಎಂದಳು. ನಾನು ನಂಬಿದೆ. ಒಳಗೆ ಹೋಗಿ ನೋಡಿದರೆ ಒಂದೂ ಪ್ಯಾಂಟಿಲ್ಲ, ಗೋಡೆಯ ತುಂಬ ಪುಸ್ತಕ. ಪ್ಯಾಂಟು ಇನ್ನೂ ಲಾರಿಯಲ್ಲಿ ಬರುತ್ತಿರಬೇಕು ಎಂದುಕೊಂಡು ಪ್ರಸಾದ ತಿಂದು ಬಂದೆ. ಸುಮಾರು ದಿನವಾದ ಮೇಲೆ, ಪ್ಯಾಂಟು ಕೇಳಿಕೊಂಡು ಬಂದವರಿಗೆ ಉತ್ತರ ಹೇಳಿ ಹೇಳಿ ಅವಳ ಗಂಟಲು ಕೆಟ್ಟ ಮೇಲೆ, ನಿಧಾನವಾಗಿ ವಿಷಯ ತಿಳಿಸಿದಳು. ಬಾಡಿಗೆಗೆ ಇರುವವರು ಓನರಿಗೆ ನಿಜ ಹೇಳಬೇಕಾದರೆ ಅಷ್ಟು ಸಮಯ ಬೇಕಾಗುತ್ತದೆ. ಬೋರ್ಡು ತೆಗೆಸುತ್ತೇನೆ ಅಂದೆ. ಸದ್ಯಕ್ಕೆ ಬೇಡ ಅಂಕಲ್, ಒಳಗೆ ಬರೋರೆಲ್ಲ ಪ್ಯಾಂಟಿನವರೇ, ಅವರೂ ಬರದೇ ಇದ್ರೆ ನಾನೊಬ್ಬಳೇ ಕೂತಿರ್ಬೇಕು ಅಂದಳು.

ತಪ್ಪು ನನ್ನ ಕಿವಿಯದಲ್ಲ, ನಾಲಿಗೆಯದು. ನಮ್ಮ ಕಡೆ ಯಾರ ನಾಲಿಗೆಗೂ ಆ ಗುಂಯ್‌ಗುಡುವ ಜಕಾರ ದಕ್ಕಿಲ್ಲ. ನಾವು ಮೈಸೂರಿನಲ್ಲಿ ನೋಡಿದ್ದು ಜೂ, ಅದರೊಳಗಿದ್ದದ್ದು ಜೀಬ್ರಾ, ಪ್ಯಾಂಟಿಗಿರುವುದು ಜಿಪ್ಪು, ಮೊಮ್ಮಕ್ಕಳು ತರಿಸುವುದು ಪಿಜ್ಜಾ. ಹೀಗಿರುವಾಗ ಝೀನ್ ಎಂಬುದೊಂದು ಪುಸ್ತಕ, ಜೀನ್ ಎಂಬುದೊಂದು ಪ್ಯಾಂಟು ಎಂದರೆ ನಾವು ಎಲ್ಲಿಗೆ ಹೋಗಬೇಕು? ಹಲ್ಲು ಕಚ್ಚಿಕೊಂಡು ದುಂಬಿಯ ಹಾಗೆ ಸದ್ದು ಮಾಡಿ ಅಂಕಲ್, ಬರುತ್ತೆ ಎಂದು ಅನಘ ಹೇಳಿಕೊಟ್ಟಳು. ಒಂದು ಮಧ್ಯಾಹ್ನ ಕೋಣೆಯಲ್ಲಿ ಕೂತು ಹಾಗೆ ಅಭ್ಯಾಸ ಮಾಡುತ್ತಿದ್ದೆ. ಸರೋಜ ಸೊಳ್ಳೆ ಬ್ಯಾಟು ಹಿಡಿದುಕೊಂಡು ಒಳಗೆ ಬಂದು ಕರ್ಟನ್ನಿನ ಹಿಂದೆಲ್ಲ ಹುಡುಕಿದಳು. ಆವತ್ತಿಗೆ ಅಭ್ಯಾಸ ನಿಲ್ಲಿಸಿದೆ.

ಆ ಅಂಗಡಿಯೊಳಗೆ ಏನಿರುತ್ತದೆ ಎಂದು ನಿಮಗೂ ಕುತೂಹಲವಿರಬಹುದು. ಝೀನ್ ಅಂದರೆ ಕೈಯಲ್ಲೇ ಬರೆದು, ಚಿತ್ರ ಹಾಕಿ, ಜೆರಾಕ್ಸ್ ಮಾಡಿಸಿ, ಮಧ್ಯಕ್ಕೆ ಪಿನ್ನು ಹೊಡೆದ ಪುಟಾಣಿ ಪುಸ್ತಕ. ಪ್ರಕಾಶಕರಿಲ್ಲ, ಮುನ್ನುಡಿಯಿಲ್ಲ, ಬಿಡುಗಡೆ ಸಮಾರಂಭವಿಲ್ಲ. ಒಬ್ಬಳು ತನ್ನ ಬೆಕ್ಕಿನ ಸಿಟ್ಟಿನ ಬಗ್ಗೆ ಬರೆದಿದ್ದಾಳೆ. ಇನ್ನೊಬ್ಬ ಕೆಂಗೇರಿಯಿಂದ ಆಫೀಸಿಗೆ ಹೋಗುವ ಮೆಟ್ರೋದಲ್ಲಿ ನಿದ್ದೆ ಮಾಡುವವರ ಬಾಯಿಗಳನ್ನು ಮಾತ್ರ ಬರೆದಿದ್ದಾನೆ. ಹೊಸದಾಗಿ ಬಂದವನ್ನು ಬಾಗಿಲ ಎದುರಿನ ಶೆಲ್ಫಿನಲ್ಲಿ ಜೋಡಿಸಿ, ರಟ್ಟಿನ ಮೇಲೆ "ಈಗ ತಾನೇ ಬಂದವರು" ಎಂದು ಬರೆದು ನಿಲ್ಲಿಸಿದ್ದಳು, ನೆಂಟರ ಬಗ್ಗೆ ಹೇಳುವ ಹಾಗೆ. ಅದನ್ನೆಲ್ಲ ತಿರುವಿ ಹಾಕಿದಾಗ ನನಗೆ ನಗು ಬಂತು. ಇದನ್ನು ನಾನು ಏಳನೇ ಕ್ಲಾಸಿನಲ್ಲೇ ಮಾಡಿದ್ದೆ.

ಅದರ ಹೆಸರು "ಗೊದ್ದ". ಕಚ್ಚಿದರೆ ಬಿಡದ ಕಪ್ಪಿರುವೆಯ ಹೆಸರು. "ಕಚ್ಚುವ ಮಾಸಪತ್ರಿಕೆ" ಎಂದು ಕೆಳಗೆ ಬರೆದಿದ್ದೆವು. ನಾನು ಸಂಪಾದಕ, ನಮ್ಮ ದೊಡ್ಡಪ್ಪನ ಮಗ ನಾಗರಾಜ ಉಪಸಂಪಾದಕ. ಅವನಿಗೆ ಮೂರು ಕಾಲಿನ ನಾಯಿಯ ಚಿತ್ರ ಬಿಟ್ಟರೆ ಬೇರೇನೂ ಬರೆಯಲು ಬರುತ್ತಿರಲಿಲ್ಲ. ನಾಲ್ಕನೆಯ ಕಾಲನ್ನು ಎಲ್ಲಿ ಸೇರಿಸಬೇಕೆಂದು ಅವನಿಗೆ ಕೊನೆಯವರೆಗೂ ತಿಳಿಯಲಿಲ್ಲ. ಹೀಗಾಗಿ ನಮ್ಮ ಎಲ್ಲ ಕಥೆಗಳಲ್ಲೂ ಒಂದು ಕುಂಟ ನಾಯಿ ಬರುತ್ತಿತ್ತು. ಪತ್ರಿಕೆಯ ಜನಪ್ರಿಯ ಅಂಕಣ ನಿಧನವಾರ್ತೆ. ಭಾನುವಾರ ನಮ್ಮ ಮನೆಯಲ್ಲಿ ಸಾರಾದ ಕೋಳಿಗಳ ಗುಣಗಾನ ಅದರಲ್ಲಿ ಇರುತ್ತಿತ್ತು: "ಮೃತರು ಮೊಟ್ಟೆ ಇಡುವುದರಲ್ಲಿ ಕೈ ಹಿಡಿತದವರಾಗಿದ್ದರೂ ರುಚಿಯಲ್ಲಿ ಧಾರಾಳಿಗಳಾಗಿದ್ದರು."

ಇದ್ದದ್ದು ಒಂದೇ ಪ್ರತಿ. ಅದು ಮನೆಯಿಂದ ಮನೆಗೆ ಹೋಗಬೇಕು. ಓದದೆ ಪಕ್ಕಕ್ಕಿಟ್ಟುಬಿಡುತ್ತಾರೆಂದು ಕೊನೆಯ ಪುಟದಲ್ಲಿ ಒಂದು ಚೌಕ ಹಾಕಿ "ಓದಿದವರು ಇಲ್ಲಿ ಸಹಿ ಮಾಡತಕ್ಕದ್ದು" ಎಂದು ಬರೆದಿದ್ದೆ. ದೊಡ್ಡಪ್ಪ ಅದನ್ನು ಪ್ರೋಗ್ರೆಸ್ ಕಾರ್ಡು ಎಂದುಕೊಂಡು ಕಣ್ಣೆತ್ತದೆ ಸಹಿ ಹಾಕಿದರು. ಅಕ್ಷರ ಬಾರದ ಅಜ್ಜಿ ಅವರೇಕಾಯಿ ಸುಲಿಯುತ್ತಲೇ ಇಡೀ ಸಂಚಿಕೆಯನ್ನು ನನ್ನ ಬಾಯಲ್ಲಿ ಓದಿಸಿ ಕೇಳಿದಳು. ಕೋಳಿಯ ನಿಧನವಾರ್ತೆಗೆ ನಕ್ಕು, ಸೊಗಡು ಹತ್ತಿದ್ದ ಹೆಬ್ಬೆಟ್ಟನ್ನು ಹಾಗೇ ಚೌಕದಲ್ಲಿ ಒತ್ತಿದಳು. ಹಸಿರು ಹೆಬ್ಬೆಟ್ಟು. ಪತ್ರಿಕೆಯಿಂದ ಬಹಳ ದಿನ ಅವರೇಕಾಯಿಯ ವಾಸನೆ ಬರುತ್ತಿತ್ತು.

ಎಲ್ಲರೂ ಚೆನ್ನಾಗಿದೆ ಕಣೋ ಅಂದರು. ಅವರೆಲ್ಲ ಅತ್ತೆ, ಮಾವ, ಚಿಕ್ಕಮ್ಮ. ಬೈಯಲು ಅವರಿಂದ ಆಗುತ್ತಲೇ ಇರಲಿಲ್ಲ. ನನ್ನನ್ನು ಗೊತ್ತಿಲ್ಲದ ಒಬ್ಬರು, ಬೇರೆ ಊರಿನವರು, ಬೇರೆ ಮನೆಯವರು, ಓದಿ ನಕ್ಕು ಸಹಿ ಹಾಕಬೇಕು ಎಂದು ಆಗಲೇ ಆಸೆಯಿತ್ತು. ಎರಡನೆಯ ಸಂಚಿಕೆಗೆ ನಾಗರಾಜ ಹೆಚ್ಚು ನಾಯಿಗಳನ್ನು ಬಯಸಿದ್ದರಿಂದ ಸಂಪಾದಕ ಮಂಡಳಿ ಒಡೆಯಿತು. ಆಸೆ ಹಾಗೇ ಉಳಿಯಿತು.

ಅಂಗಡಿಯ ಶೆಲ್ಫಿನ ಎದುರು ನಿಂತಾಗ ಆ ಆಸೆ ಮತ್ತೆ ತಲೆ ಎತ್ತಿತು. ಮನೆಗೆ ಬಂದು, ಕರೆಂಟ್ ಬಿಲ್ಲಿನ ಹಿಂಭಾಗದಲ್ಲಿ ಶುರುಮಾಡಿಯೇಬಿಟ್ಟೆ. ವಿಷಯಕ್ಕೆ ಕಷ್ಟವಿರಲಿಲ್ಲ. ಓನರಾಗಿ ನಾನು ಕಂಡಿರುವುದು ಮನೆ ನೋಡಲು ಬರುವವರನ್ನು. ನಲ್ಲಿ ತಿರುಗಿಸಿ ನೋಡುವವರು, ಗೋಡೆ ತಟ್ಟಿ ಕಿವಿಯಿಡುವವರು, ಅಡುಗೆಮನೆಯಲ್ಲಿ ನಿಂತು ಇಲ್ಲದ ದೋಸೆ ಹುಯ್ದು ಕೈ ಆಡುತ್ತದೋ ಎಂದು ನೋಡುವವರು. ಹೆಸರು "ಖಾಲಿ ಇದೆ". ತೊಂದರೆಯೆಂದರೆ ನನಗೆ ಮುಖ ಬರೆಯಲು ಬರುವುದಿಲ್ಲ. ಕಣ್ಣು ಹಾಕಿದರೆ ಮೂಗಿಗೆ ಜಾಗವಿರುವುದಿಲ್ಲ, ಮೂಗು ಹಾಕಿದರೆ ಮನುಷ್ಯ ಬದನೆಕಾಯಿಯಾಗುತ್ತಾನೆ. ಕೊನೆಗೆ ಎಲ್ಲರನ್ನೂ ಬೆನ್ನಿನ ಕಡೆಯಿಂದ ಬರೆಯುವುದೆಂದು ತೀರ್ಮಾನಿಸಿದೆ. ಬೆನ್ನುಗಳು ಚೆನ್ನಾಗಿಯೇ ಬಂದವು. ಹಿಂದಿನ ಜೇಬಿಗೆ ಮುನಿರಾಜುವಿನ ಬೋರ್ಡನ್ನು ನೋಡಿ ಹೊಲಿಗೆ ಹಾಕಿದೆ.

ಪ್ರತಿ ಚಿತ್ರದಲ್ಲೂ ಮನೆ ತೋರಿಸುವ ಓನರ್ ಬೇಕಲ್ಲ. ನನ್ನ ಬೆನ್ನು ಹೇಗಿದೆ ಎಂದು ನನಗೇನು ಗೊತ್ತು? ಡ್ರೆಸ್ಸಿಂಗ್ ಟೇಬಲ್ಲಿಗೆ ಬೆನ್ನು ಹಾಕಿ ನಿಂತು ಸರೋಜಳ ಕೈಗೆ ಒಂದು ಕನ್ನಡಿ ಕೊಟ್ಟು ನೋಡಿದೆ. ಕೈ ಎರಡನ್ನೂ ಹಿಂದಕ್ಕೆ ಕಟ್ಟಿಕೊಂಡು, ಅದರಲ್ಲಿ ಬೀಗದ ಕೈ ಗೊಂಚಲು ಹಿಡಿದುಕೊಂಡು ನಿಲ್ಲುತ್ತೇನಂತೆ. ನೆತ್ತಿಯ ಹಿಂದೆ ಸೆಟ್ ದೋಸೆಯಷ್ಟು ಬೋಳು ಜಾಗ. ಇದು ಯಾವಾಗ ಆಯಿತು ಎಂದು ಕೇಳಿದೆ.

"ಆಗಿ ಹತ್ತು ವರ್ಷ ಆಯ್ತು. ಅಲ್ಲೂ ಖಾಲಿ ಇದೆ, ಬೋರ್ಡ್ ಹಾಕಿ" ಎಂದಳು.

ಹಾಗೇ ಬರೆದೆ. ಜೆರಾಕ್ಸ್ ಅಂಗಡಿಯವನು ಹಾಳೆ ತೆಗೆದುಕೊಂಡು, ಆಧಾರ್ ಕಾರ್ಡಾ ಸಾರ್, ಹಿಂದೆ ಮುಂದೆ ಎರಡೂ ಬೇಕಾ ಎಂದು ಕೇಳಿದ. ಎಲ್ಲಾ ಹಿಂದೆಯೇ ಅಪ್ಪಾ ಅಂದೆ. ಮನೆಗೆ ತಂದು ಮಡಚುವಾಗ ಒಂದು ಪುಟ ಅದಲುಬದಲಾಗಿ, ಒಂದು ಸಂಸಾರ ಮನೆ ನೋಡಲು ಬರುವುದಕ್ಕೆ ಮುಂಚೆಯೇ ಬೇಡವೆಂದು ಹೊರಟುಹೋಯಿತು. ನಿಜಜೀವನದಲ್ಲೂ ಅಂಥವರಿದ್ದಾರೆ ಎಂದು ಹಾಗೇ ಪಿನ್ನು ಹೊಡೆದೆ. ಕೊನೆಯ ಪುಟದಲ್ಲಿ, ಹಳೆಯ ಅಭ್ಯಾಸ, ಚೌಕ ಹಾಕಿ "ಓದಿದವರು ಇಲ್ಲಿ ಸಹಿ ಮಾಡತಕ್ಕದ್ದು" ಎಂದು ಬರೆದೆ. ಹೆಸರು ಮಾತ್ರ ಹಾಕಲಿಲ್ಲ.

ಯಾಕೆ ಹಾಕಲಿಲ್ಲ ಎಂದರೆ, ಈ ರಸ್ತೆಯಲ್ಲಿ ನನ್ನ ಹೆಸರು ಕೇಳಿದವರು ಯಾರೂ ನಿಜ ಹೇಳುವುದಿಲ್ಲ. ಬೋರ್ಡಿನ ಗತಿ ನೋಡಿದಿರಲ್ಲ. ಅನಘಳಿಗೆ ಕಟ್ಟುನಿಟ್ಟಾಗಿ ಹೇಳಿದೆ: ಬರೆದವರು ಯಾರೆಂದು ಯಾರಿಗೂ ಹೇಳಕೂಡದು, ನನ್ನನ್ನು ಗೊತ್ತಿಲ್ಲದ ಒಬ್ಬರು ತಾವಾಗಿಯೇ ಕೈಗೆತ್ತಿಕೊಂಡು ನಗಬೇಕು, ಒಬ್ಬರೇ ಸಾಕು. ಅವಳು ಒಪ್ಪಿದಳು. ಆದರೆ ಅಂಗಡಿಯ ನಿಯಮವನ್ನೂ ಹೇಳಿದಳು. ತಿಂಗಳ ಕೊನೆಗೆ ಶೆಲ್ಫು ಖಾಲಿ ಮಾಡಿ ಹೊಸಬರಿಗೆ ಜಾಗ ಕೊಡಬೇಕು. ಯಾರೂ ಮುಟ್ಟದೆ ಉಳಿದವು ಮೇಜಿನ ಕೆಳಗಿನ ಬಿಸ್ಕತ್ತಿನ ರಟ್ಟಿನ ಡಬ್ಬಕ್ಕೆ. ನಾನು ಎಷ್ಟೋ ಜನರಿಗೆ ಖಾಲಿ ಮಾಡಿ ಎಂದು ನೋಟಿಸು ಕೊಟ್ಟವನು. ನನ್ನ ಅಂಗಡಿಯಲ್ಲೇ ನನಗೆ ಬಂದ ಮೊದಲ ನೋಟಿಸು ಅದು.

ಆ ತಿಂಗಳು ನಾನು ಮಾಡಿದ ಕಪಿಚೇಷ್ಟೆಗಳು ಒಂದೆರಡಲ್ಲ. ಮೀಟರ್ ನೋಡಬೇಕು, ಸೋರುತ್ತಿದೆಯೋ ನೋಡಬೇಕು ಎಂದು ನೆಪ ಹೇಳಿಕೊಂಡು ದಿನವೂ ಒಳಗೆ ಹೋಗುವುದು, ನನ್ನದನ್ನು ಮುಂದಕ್ಕೆಳೆದು ಬೆಕ್ಕಿನದನ್ನು ಹಿಂದಕ್ಕೆ ತಳ್ಳುವುದು. ಮಾರನೆಯ ದಿನ ಬೆಕ್ಕು ಮತ್ತೆ ಮುಂದೆ ಬಂದಿರುತ್ತಿತ್ತು. ಯಾರಾದರೂ ಗಿರಾಕಿ ಬಂದರೆ ಒಳಗಿನ ಕಾಮಿಕ್ಸ್ ಕಪಾಟಿನ ಕಡೆ ಮುಖ ಮಾಡಿ, ಯಾರೋ ಒಬ್ಬ ಓದುಗನ ಹಾಗೆ ನಿಂತು ಕಿವಿಯನ್ನಷ್ಟೇ ಹಿಂದಕ್ಕೆ ಬಿಟ್ಟಿರುತ್ತಿದ್ದೆ. ಬಂದವರು ಬೆಕ್ಕು ಕೊಂಡರು, ಮೆಟ್ರೋ ಬಾಯಿಗಳನ್ನು ಕೊಂಡರು. ನನ್ನದನ್ನು ಒಬ್ಬಳು ಎತ್ತಿಕೊಂಡಳು, ಅದರಿಂದ ಗಾಳಿ ಬೀಸಿಕೊಂಡು ವಾಪಸ್ಸಿಟ್ಟಳು.

ಒಂದು ಸಂಜೆ ಮೇಲಿನ ಮನೆಯ ಹುಡುಗ ಮೆಟ್ಟಿಲ ಹತ್ತಿರ ಸಿಕ್ಕಿ, "ಅಂಕಲ್, ನಿಮ್ಮ ಬುಕ್ ಸೂಪರ್. ಹೊಟ್ಟೆ ಹುಣ್ಣಾಗೋಷ್ಟು ನಕ್ವಿ" ಎಂದ. ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಅದೇ ಉಸಿರಿನಲ್ಲಿ, ಬಾತ್‌ರೂಮಿನ ಗೀಸರ್ ಯಾವಾಗ ರಿಪೇರಿ ಮಾಡಿಸುತ್ತೀರಿ ಎಂದು ಕೇಳಿದ. ವಿಚಾರಿಸಿದರೆ, ಸರೋಜಳೇ ಅವನನ್ನು ಕಳಿಸಿದ್ದಳು. ತನ್ನ ಭಜನೆ ಬಳಗಕ್ಕೂ ಹೇಳಿಯಾಗಿತ್ತು. ನನಗೆ ಸಿಟ್ಟು ಬಂದು, ಇವೆಲ್ಲ ಲೆಕ್ಕಕ್ಕಿಲ್ಲ ಎಂದು ರೇಗಿದೆ. ಮನೆಯವರು ನಕ್ಕರೆ ನಗುವಲ್ಲವಾ ಎಂದು ಅವಳೂ ರೇಗಿದಳು. ಗೀಸರ್ ಮಾತ್ರ ರಿಪೇರಿಯಾಯಿತು.

ತಿಂಗಳ ಕೊನೆಯ ದಿನ ಬಂತು. ನಾನು ಹೋದಾಗ ಅನಘ ಬಿಸ್ಕತ್ತಿನ ಡಬ್ಬವನ್ನು ಮೇಜಿನ ಮೇಲಿಟ್ಟು ಧೂಳು ಒರೆಸುತ್ತಿದ್ದಳು. ನನ್ನನ್ನು ನೋಡಿ ಸಂಕೋಚದಿಂದ, ಇನ್ನೊಂದು ವಾರ ಇಡೋಣವಾ ಅಂಕಲ್ ಅಂದಳು. ಬೇಡ, ಓನರ್ ಅಂತ ರಿಯಾಯಿತಿ ಬೇಡ ಅಂದೆ. ಬಾಯಲ್ಲಿ ಅಂದೆ ಅಷ್ಟೇ. ಅರವತ್ತು ದಾಟಿದವನು, ಮೊಮ್ಮಕ್ಕಳಿರುವವನು, ಒಂದು ಜೆರಾಕ್ಸ್ ಹಾಳೆಗಾಗಿ ಅಳುವ ಸ್ಥಿತಿಗೆ ಬಂದಿದ್ದೆ. ಅದನ್ನು ಡಬ್ಬಕ್ಕೆ ಹಾಕುವುದನ್ನು ನೋಡಲಾರದೆ ಕಾಮಿಕ್ಸ್ ಕಪಾಟಿನ ಕಡೆ ತಿರುಗಿ ನಿಂತೆ.

ಆಗ ಬಾಗಿಲಲ್ಲಿ ಒಂದು ದಪ್ಪ ಧ್ವನಿ. "ಮೇಡಂ, ಜೀನ್ಸ್ ತೋರ್ಸಿ. ಮೂವತ್ತೆಂಟು ಸೈಜು. ಹರ್ಕೊಂಡಿರೋದು ಬೇಡ, ಪೂರ್ತಿ ಇರೋದು."

ಅನಘ ತನ್ನ ಎಂದಿನ ಉತ್ತರ ಹೇಳಿದಳು. ಆತ ರಾಜರಾಜೇಶ್ವರಿನಗರದಿಂದ ಬಂದವರಂತೆ. ಹೆಂಡತಿ ಪಕ್ಕದ ಟೈಲರ್ ಹತ್ತಿರ ಬ್ಲೌಸಿಗೆ ಅಳತೆ ಕೊಡುತ್ತಿದ್ದಾರಂತೆ, ಅದು ಬೇಗ ಮುಗಿಯುವ ಕೆಲಸವಲ್ಲ, ಇಲ್ಲೇ ನಿಂತಿರಲಾ ಎಂದು ಕೇಳಿದರು. ಆಮೇಲೆ ಕಾಗದ ತಿರುವುವ ಸದ್ದು. ಯಾವ ಪುಸ್ತಕವೋ ನನಗೆ ಕಾಣುವಂತಿರಲಿಲ್ಲ. ಬೆಕ್ಕೇ ಇರಬೇಕು ಎಂದುಕೊಂಡೆ.

"ಹ್ಹೆ" ಎಂದರು. ಇನ್ನೊಂದು ಪುಟ ತಿರುವಿದ ಸದ್ದು. ಮತ್ತೆ ಹ್ಹೆ. ಆಮೇಲೆ ನಿಲ್ಲಿಸಲಾಗದಂಥ ನಗು, ಮೂಗಿನಲ್ಲಿ ಶುರುವಾಗಿ ಹೊಟ್ಟೆಗೆ ಇಳಿಯುವಂಥದ್ದು. "ಮೇಡಂ, ಇವರು ಬರೋಕೆ ಮುಂಚೆನೇ ಹೋಗ್ಬಿಟ್ರಲ್ಲ" ಎಂದರು.

ನಾನು ಎದುರಿಗಿದ್ದ ಕಪಾಟನ್ನು ದಿಟ್ಟಿಸಿ ನೋಡುತ್ತಾ ನಿಂತೆ.

ತಾವು ಮದುವೆಯಾದಾಗಿನಿಂದ ಬಾಡಿಗೆ ಮನೆಯಲ್ಲೇ ಇರುವುದು ಎಂದು ಆತ ಹೇಳಿದರು. "ಈ ಓನರ್ ಇದಾನಲ್ಲ, ಥೇಟ್ ನಮ್ಮ ಓನರೇ. ಕೈ ಹಿಂದೆ ಕಟ್ಕೊಂಡು ನಿಂತಿರೋದು ನೋಡಿ, ಊರೇ ಇವನದು ಅನ್ನೋ ಹಾಗೆ. ಮಜಾ ಇದಾನೆ" ಎಂದು ಮತ್ತೆ ನಕ್ಕರು. ನಾನು ಇಷ್ಟೂ ಪುಟ ಬರೆದದ್ದು ಮನೆ ನೋಡಲು ಬಂದವರನ್ನು ಹಾಸ್ಯ ಮಾಡಲು. ಅವರು ನಗುತ್ತಿದ್ದದ್ದು ನನ್ನನ್ನು ನೋಡಿ. ಒಂದು ಗಳಿಗೆ ಬೇಜಾರು ಮಾಡಿಕೊಳ್ಳೋಣ ಎಂದುಕೊಂಡೆ, ಆಗಲಿಲ್ಲ. ಸಂತೋಷ ಅದಕ್ಕೆ ಜಾಗವನ್ನೇ ಬಿಡಲಿಲ್ಲ.

ಬರೆದವರು ಯಾರು ಎಂದು ಕೇಳಿದರು. ಹೆಸರು ಹಾಕಿಲ್ಲ ಸಾರ್ ಎಂದಳು ಅನಘ, ಕೊಟ್ಟ ಮಾತಿಗೆ ತಪ್ಪದೆ. ಆಮೇಲೆ ಆತ, ಇಲ್ಲಿ ಸಹಿ ಮಾಡಬೇಕಂತಲ್ಲ, ಪೆನ್ ಕೊಡಿ ಎಂದರು. ಅಯ್ಯೋ ಸಾರ್, ಅದು ಮಾರೋಕೆ ಇಟ್ಟಿರೋದು ಎಂದು ಅವಳು ಹೇಳುವಷ್ಟರಲ್ಲಿ ಪೆನ್ನು ಕಾಗದದ ಮೇಲೆ ಸರಿದಾಡುವ ಸದ್ದು ಕೇಳಿಸಿತು. "ಓದಿದೀನಲ್ಲ ಮೇಡಂ, ಸೈನ್ ಮಾಡ್ಬೇಕು. ನಾನೇ ತಗೋತೀನಿ ಬಿಡಿ" ಎಂದರು.

ಅಜ್ಜಿಯ ಹಸಿರು ಹೆಬ್ಬೆಟ್ಟು ನೆನಪಾಗಿ ನನ್ನ ಕಣ್ಣು ಮಂಜಾಯಿತು. ಹೊರಗೆ ಓಡಿಹೋಗಿ ಸರೋಜಳನ್ನು ಕರೆಯಬೇಕು ಅನ್ನಿಸಿತು. ತಿರುಗಿದರೆ ಗುಟ್ಟು ರಟ್ಟಾಗುತ್ತದೆ. ಏನೂ ಗೊತ್ತಿಲ್ಲದವನ ಹಾಗೆ ಕೈ ಎರಡನ್ನೂ ಹಿಂದಕ್ಕೆ ಕಟ್ಟಿಕೊಂಡು ನಿಂತೆ. ಬೀಗದ ಕೈ ಗೊಂಚಲು ಒಮ್ಮೆ ಸದ್ದು ಮಾಡಿತು.

ಹಿಂದೆ ನಗು ನಿಂತುಹೋಯಿತು. ಕಾಗದ ಹಿಂದಕ್ಕೆ ತಿರುವುವ ಸದ್ದು. ನನ್ನ ನೆತ್ತಿಯ ಹಿಂದಿನ ಖಾಲಿ ಜಾಗ ಬಿಸಿಯಾಗತೊಡಗಿತು.

"ಮೇಡಂ" ಎಂದರು ಆತ ಮೆಲ್ಲಗೆ, "ಅಲ್ಲಿ ನಿಂತಿದಾರಲ್ಲ..."

ಅನಘ ಕೆಮ್ಮಿದಳು. ನಾನು ಇನ್ನು ಬೇರೆ ದಾರಿಯಿಲ್ಲವೆಂದು ತಿರುಗಲು ಹೊರಟೆ.

"ತಿರುಗ್ಬೇಡಿ ಸಾರ್, ಹಾಗೇ ಇರಿ. ಒಂದು ಫೋಟೋ ತಗೋತೀನಿ."

ನಾನು ತಿರುಗಲಿಲ್ಲ. ಗೊಂಚಲು ಚೆನ್ನಾಗಿ ಕಾಣಲಿ ಎಂದು ಕೈಯನ್ನು ಸ್ವಲ್ಪ ಮೇಲಕ್ಕೆತ್ತಿ, ಕಪಾಟಿನ ಕಡೆ ಮುಖ ಮಾಡಿಕೊಂಡೇ, ಹಲ್ಲೆಲ್ಲ ಕಾಣುವ ಹಾಗೆ ನಗುತ್ತಾ ನಿಂತೆ.